ಅಡಿಕೆ ಮುಚ್ಚುವ ಮೋಟರ್

ನಮ್ಮ ಮನೆ ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿದೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾಡುವ ಕಾಲದಲ್ಲಿ ಅಂಗಳದ ತುಂಬ ಹಣ್ಣಡಿಕೆ ಹರವಿರುತ್ತದೆ. ಒಣಗಲು ಹೆಚ್ಚುಕಡಿಮೆ ಒಂದೂವರೆ ತಿಂಗಳು ಬೇಕು. ನಡುವೆ ಮಳೆ ಬಿದ್ದರೆ ಬೂಸ್ಟು ಬರುತ್ತದೆ, ದರ ಬೀಳುತ್ತದೆ. ಹೋದ ವರ್ಷ ಹಾಗೇ ಆಯಿತು. ಅಪ್ಪ ಪೇಟೆಗೆ ಹೋಗಿದ್ದರು, ನಾನು ಕಾಲೇಜಿನಲ್ಲಿದ್ದೆ. ಆಯಿ ಒಬ್ಬಳೇ ಟಾರ್ಪಾಲು ಎಳೆಯುವಷ್ಟರಲ್ಲಿ ಅರ್ಧ ಅಡಿಕೆ ನೆನೆದಿತ್ತು. ಫೈನಲ್ ಇಯರ್ ಪ್ರಾಜೆಕ್ಟ್ ಏನು ಅಂತ ನನಗೆ ಆವತ್ತೇ ಗೊತ್ತಾಯಿತು. ಹನಿ ಬಿದ್ದ ಕೂಡಲೇ ಟಾರ್ಪಾಲು ತಾನೇ ಬಂದು ಮುಚ್ಚಬೇಕು.

ಮೊದಲು ಲ್ಯಾಬಿನಲ್ಲಿದ್ದ ನೀಮಾ 17 ಸ್ಟೆಪ್ಪರ್ ಮೋಟರ್ (ಹಂತಹಂತವಾಗಿ ತಿರುಗುವ ಚಿಕ್ಕ ಮೋಟರ್) ತಂದು ಕಟ್ಟಿದೆವು. ಕರಕರ ಸದ್ದು ಬಂತು, ಹಗ್ಗ ಸುತ್ತುವ ಪೈಪ್ ಅಲುಗಲೇ ಇಲ್ಲ. ಎಷ್ಟು ಬಲ ಬೇಕು ಅಂತ ನಮ್ಮ ನಾಲ್ವರಲ್ಲಿ ಯಾರೂ ನೋಡಿರಲಿಲ್ಲ.

ಅಪ್ಪನ ಕೊಕ್ಕೆ ತಕ್ಕಡಿಯನ್ನು ಹಗ್ಗದ ತುದಿಗೆ ಸಿಕ್ಕಿಸಿ ಎಳೆದೆ. ಒಣ ಟಾರ್ಪಾಲಿಗೆ 7 ಕೆಜಿ ತೋರಿಸಿತು. ಮೇಲೆ ನೀರು ಹೊಯ್ದು ಎಳೆದರೆ 12. ಪೈಪಿನ ದಪ್ಪ 6 ಸೆಂ.ಮೀ., ಅಂದರೆ ನಡುವಿನಿಂದ ಅಂಚಿಗೆ 3. ಹನ್ನೆರಡನ್ನು ಮೂರರಿಂದ ಗುಣಿಸಿದರೆ 36 ಕೆಜಿ-ಸೆಂ.ಮೀ. ಟಾರ್ಕ್, ಅಂದರೆ ಪೈಪ್ ತಿರುಗಿಸುವ ಬಲ. ಹಗ್ಗ ಎಲ್ಲಾದರೂ ಸಿಕ್ಕಿಕೊಂಡರೆ ಅಂತ ಅದರ ಎರಡು ಪಟ್ಟು ಹಿಡಿದೆವು, 72. ನಾವು ಕಟ್ಟಿದ್ದ ಸ್ಟೆಪ್ಪರ್ ಕೊಡುತ್ತಿದ್ದದ್ದು ಸುಮಾರು 4!

ಗುಜರಿ ಅಂಗಡಿಯಲ್ಲಿ ಹಳೇ ಕಾರಿನ ವೈಪರ್ ಮೋಟರ್ ಸಿಕ್ಕಿತು. 12 ವೋಲ್ಟಿನದು. ಒಳಗೆ ವರ್ಮ್ ಗೇರ್ ಇರುವುದರಿಂದ ಕರೆಂಟ್ ನಿಲ್ಲಿಸಿದರೂ ಹಗ್ಗ ಹಿಂದಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಗಾಳಿಗೆ ಟಾರ್ಪಾಲು ಹಾರಬಾರದಲ್ವಾ, ನನಗೆ ಬೇಕಿದ್ದದ್ದೇ ಅದು. ನಿಮಿಷಕ್ಕೆ 45 ಸುತ್ತು, ಸುತ್ತಿಗೆ ಸುಮಾರು 19 ಸೆಂ.ಮೀ. ಹಗ್ಗ. 6 ಮೀಟರಿನ ಅಂಗಳ ಮುಕ್ಕಾಲು ನಿಮಿಷದೊಳಗೆ ಮುಚ್ಚಬೇಕು.

ಡ್ರೈವರ್, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹಾಯಿಸುವ ಬೋರ್ಡಿನ ವಿಷಯದಲ್ಲಿ ಮಾತ್ರ ಎಡವಿದೆ. ಮೋಟರ್ ಓಡುವಾಗ 4 ಆಂಪಿಯರ್ ಎಳೆಯುತ್ತಿತ್ತು. ನಾನು ಹಾಕಿದ್ದ ಎಲ್298ಎನ್ ಬೋರ್ಡಿನ ಒಂದು ಚಾನೆಲ್ (ಕರೆಂಟ್ ಹೋಗುವ ದಾರಿ) ತಡೆಯುವುದು 2 ಆಂಪಿಯರ್, ಸಾಲದ್ದಕ್ಕೆ ಎರಡು ವೋಲ್ಟಿಗಿಂತ ಜಾಸ್ತಿ ತಾನೇ ನುಂಗುತ್ತದೆ. ಎರಡು ಚಾನೆಲ್ ಸೇರಿಸಿದರೆ ಆಯಿತು ಅಂದುಕೊಂಡೆ. ಟಾರ್ಪಾಲಿನ ಮೂಲೆ ಅಂಗಳದ ಕಲ್ಲಿಗೆ ಸಿಕ್ಕಿತು, ಮೋಟರ್ ನಿಂತಿತು, ಚಿಪ್ ಸುಟ್ಟ ವಾಸನೆ ಬಂತು. ತಿರುಗದೆ ನಿಂತ ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದನ್ನೇ ನೋಡಿ ಡ್ರೈವರ್ ಕೊಳ್ಳಬೇಕಿತ್ತು. ಆಮೇಲೆ ಮಲ್ಟಿಮೀಟರ್ ಹಿಡಿದೆ. ಮೋಟರಿಗೆ 1.1 ಓಮ್ ತೋರಿಸಿತು, ಮೀಟರಿನ ವೈರುಗಳದ್ದೇ 0.3. ಉಳಿದದ್ದು 0.8. ಹನ್ನೆರಡನ್ನು ಅದರಿಂದ ಭಾಗಿಸಿದರೆ 15 ಆಂಪಿಯರ್.

ಹುಬ್ಬಳ್ಳಿಯಿಂದ ಬಿಟಿಎಸ್7960 ಡ್ರೈವರ್ ಬೋರ್ಡ್ ತರಿಸಿದೆ. ಮಾರುವವರು 43 ಆಂಪಿಯರ್ ಅನ್ನುತ್ತಾರೆ. ಬಿಸಿ ಹೊರಹಾಕುವ ಅಷ್ಟು ಚಿಕ್ಕ ಹೀಟ್‌ಸಿಂಕ್ ಇಟ್ಟುಕೊಂಡು ಅಷ್ಟನ್ನು ತುಂಬ ಹೊತ್ತು ತಡೆಯಲಾರದು, ಆದರೆ ನಮ್ಮ 15ಕ್ಕೆ ಧಾರಾಳ. ಅದರಲ್ಲಿ ಕರೆಂಟ್ ಅಳೆಯುವ ಪಿನ್ನೂ ಇದೆ. 8 ಆಂಪಿಯರ್ ದಾಟಿ ಅರ್ಧ ಸೆಕೆಂಡಾದರೆ ಮೋಟರ್ ನಿಲ್ಲಿಸುವಂತೆ ಕೋಡ್ ಬರೆದೆ. ಬ್ಯಾಟರಿಯ ಹತ್ತಿರ ಒಂದು ಫ್ಯೂಸ್ ಹಾಕಿದೆ.

ಆ ಫ್ಯೂಸ್ ಎರಡು ದಿನ ನಮ್ಮನ್ನು ಅಳಿಸಿತು. ಮುಚ್ಚುವಾಗ ಸರಿ, ತೆರೆಯಲು ಉಲ್ಟಾ ತಿರುಗಿಸಿದರೆ ಫ್ಯೂಸ್ ಹೋಗುತ್ತಿತ್ತು. ಕೊನೆಗೆ ಮೋಟರಿನ ಮೈಗೂ ವೈರಿಗೂ ಮೀಟರ್ ಹಿಡಿದಾಗ ಬೀಪ್ ಅಂದಿತು. ಕಾರಿನ ವೈಪರ್ ಮೋಟರುಗಳಲ್ಲಿ ಎಷ್ಟೋ ಸಲ ನೆಗೆಟಿವ್ ಮೈಗೇ ಸೇರಿರುತ್ತದೆ. ನಾವು ಬ್ಯಾಟರಿಯ ನೆಗೆಟಿವನ್ನೂ ಅದೇ ಕಬ್ಬಿಣದ ಫ್ರೇಮಿಗೆ ಕಟ್ಟಿದ್ದೆವು. ಉಲ್ಟಾ ತಿರುಗಿಸಿದಾಗ ಮೋಟರಿನ ಮೈಗೆ 12 ವೋಲ್ಟ್ ಬಂದು ನೇರ ಶಾರ್ಟ್. ಸೈಕಲ್ ಟ್ಯೂಬಿನ ತುಂಡು ಅಡಿಗಿಟ್ಟು, ಬೋಲ್ಟಿಗೆ ಪ್ಲಾಸ್ಟಿಕ್ ವಾಷರ್ ಹಾಕಿ ಮೋಟರನ್ನು ಫ್ರೇಮಿನಿಂದ ಬೇರೆ ಮಾಡಿದೆವು. ವೈಪರ್ ಮೋಟರ್ ಬಳಸುವವರು ಇದನ್ನು ಮೊದಲ ದಿನವೇ ನೋಡಿಕೊಳ್ಳಿ.

ಹೋದ ಭಾನುವಾರ ಆಯಿಯೇ ಮಳೆಹನಿ ಗುರುತಿಸುವ ಸೆನ್ಸರ್ ಮೇಲೆ ತಂಬಿಗೆಯಿಂದ ನೀರು ಹೊಯ್ದಳು. 46 ಸೆಕೆಂಡಿಗೆ ಟಾರ್ಪಾಲು ಆ ತುದಿ ಮುಟ್ಟಿತು. ಆಯಿ ಅಂಗಳದ ಬದಿಗೆ ನಡೆದುಹೋಗಿ ನೋಡಿದಳು. "ಇಲ್ಲೊಂಚೂರು ಮುಚ್ಚಿದ್ದಿಲ್ಲೆ ಕೂಸೇ" ಅಂದಳು. ನಿಜ, ಒಂದು ಮೊಳ ಅಗಲ ಅಡಿಕೆ ಹೊರಗೇ ಇತ್ತು. ಈ ವಾರ ಇನ್ನೂ ಅಗಲದ ಟಾರ್ಪಾಲು ತರುತ್ತೇವೆ. ತಂದ ಕೂಡಲೇ ನೀರು ಹೊಯ್ದು, ತಕ್ಕಡಿ ಸಿಕ್ಕಿಸಿ ಎಳೆದು ನೋಡಬೇಕು.