ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೆದ್ರಿ?

ಈ ಪ್ರಶ್ನೆಗೆ ಮೊದಲೆಲ್ಲ ನಗುತ್ತಲೇ ಉತ್ತರ ಹೇಳುತ್ತಿದ್ದೆ. ಗೃಹಪ್ರವೇಶದಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಆಫೀಸಿನ ಲಿಫ್ಟಿನಲ್ಲಿ ಕೇಳಿದ್ದಾರೆ, ಮಗಳ ಶಾಲೆಯ ಗೇಟಿನ ಹತ್ತಿರವೂ ಕೇಳಿದ್ದಾರೆ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನಾವು ಒಂಬತ್ತು ಜನ ಬೆಂಗಳೂರಿನಿಂದ ಗೋಕರ್ಣಕ್ಕೆ ಸೈಕಲ್‌ನಲ್ಲಿ ಹೋದೆವು. ವಿಷಯ ಗೊತ್ತಾದ ತಕ್ಷಣ ಎಲ್ಲರ ಬಾಯಿಂದ ಬರುವುದು ಇದೊಂದೇ ಮಾತು. "ಹೌದಾ! ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೆದ್ರಿ?"

ಹೇಳಿಬಿಡುತ್ತೇನೆ. ಮೊದಲ ದಿನ 88. ಎರಡನೇ ದಿನ 96. ಮೂರನೇ ದಿನ 40.

ಸಮಾಧಾನ ಆಯ್ತಾ? ಆಗಿರಲ್ಲ. 40 ಅಂದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. "ನಲವತ್ತೇನಾ? ನಮ್ಮ ಭಾವಮೈದುನ ಒಂದೇ ದಿನಕ್ಕೆ ಇನ್ನೂರು ಹೊಡೀತಾನೆ" ಅಂತ ಶುರು ಮಾಡುತ್ತಾರೆ. ಹೊಡೆಯಲಿ, ಒಳ್ಳೆಯದು. ಆದರೆ ಅದು ಬೇರೆ ಥರದ ಸವಾರಿ. ಬ್ರೆವೆ ಅಂತಾರೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ನಾನೂ ಎರಡು ಸಲ ಮಾಡಿದ್ದೇನೆ, ಅದರ ಮೇಲೆ ಗೌರವವೂ ಇದೆ. ಅಲ್ಲಿ ಮುಗಿಸಿ ಮನೆಗೆ ಬಂದು ಬಿಸಿನೀರು ಹುಯ್ದುಕೊಂಡು ಎರಡು ದಿನ ಸೈಕಲ್ ಕಡೆ ತಿರುಗಿ ನೋಡದೆ ಇರಬಹುದು. ಪ್ರವಾಸದಲ್ಲಿ ಮರುದಿನ ಬೆಳಿಗ್ಗೆ ಅದೇ ಸೀಟಿನ ಮೇಲೆ, ಅದೇ ನೋಯುವ ಜಾಗ ಇಟ್ಟುಕೊಂಡು ಮತ್ತೆ ಕೂರಬೇಕು. ಅದರ ಮರುದಿನವೂ ಕೂರಬೇಕು.

ಇನ್ನೊಂದು ಮಾತು. "ಹೊಡೆಯೋದು" ಅನ್ನುವ ಪದವೇ ನನಗೆ ಆಗಿಬರಲ್ಲ. ಲಾರಿಯವರು ಟ್ರಿಪ್ ಹೊಡೀತಾರೆ, ಅದು ಅವರ ಹೊಟ್ಟೆಪಾಡು. ನಾವು ರಜೆ ಹಾಕಿ, ಮನೆಯವರನ್ನು ಒಪ್ಪಿಸಿ, ನೋಡಬೇಕು ಅಂತ ಹೊರಟವರು. ಆ ಪದ ತಲೆಯಲ್ಲಿ ಕೂತರೆ ಏನಾಗುತ್ತದೆ ಅನ್ನುವುದು ನನಗೆ ಮೊದಲ ದಿನವೇ ಗೊತ್ತಾಯಿತು. ಅದಕ್ಕೇ ಇಷ್ಟು ಸಿಟ್ಟು.

ನಮ್ಮ ಪಟ್ಟಿಯ ಪ್ರಕಾರ ಮೊದಲ ದಿನ ಯಶವಂತಪುರದಿಂದ ಚನ್ನರಾಯಪಟ್ಟಣ ಮುಟ್ಟಬೇಕಿತ್ತು. ಹತ್ತಿರ ಹತ್ತಿರ 140. ಅಭ್ಯಾಸ ಅಂತ ನಾವು ಮಾಡಿದ್ದೆಲ್ಲ ನಂದಿಬೆಟ್ಟದ ಕಡೆಗೆ, ಭಾನುವಾರ ಬೆಳಿಗ್ಗೆ, ಖಾಲಿ ಸೈಕಲ್‌ನಲ್ಲಿ. ಹಿಂದಿನ ಕ್ಯಾರಿಯರ್‌ಗೆ ಹತ್ತು ಹನ್ನೆರಡು ಕೆಜಿ ಬ್ಯಾಗ್ ಕಟ್ಟಿದರೆ ಅದು ಬೇರೆಯೇ ಸೈಕಲ್. ತಿರುವಿನಲ್ಲಿ ಬಾಲ ಅಲ್ಲಾಡಿಸುತ್ತದೆ, ಏರಿನಲ್ಲಿ ಹಿಂದಕ್ಕೆ ಎಳೆಯುತ್ತದೆ. ಒಬ್ಬರು ಎರಡು ಜೊತೆ ಜೀನ್ಸ್ ಪ್ಯಾಂಟ್ ತಂದಿದ್ದರು. ಇನ್ನೊಬ್ಬರ ಅಮ್ಮ ಒಂದು ಕೆಜಿ ಚಟ್ನಿಪುಡಿ ಕಟ್ಟಿಕೊಟ್ಟಿದ್ದರು. ಚಟ್ನಿಪುಡಿ ಮೂರು ದಿನದಲ್ಲಿ ಖಾಲಿಯಾಯಿತು. ಜೀನ್ಸ್ ಹಾಸನದಿಂದ ಕೊರಿಯರ್‌ನಲ್ಲಿ ಮನೆಗೆ ವಾಪಸ್ ಹೋಯಿತು.

ಒಂಬತ್ತು ಜನರಲ್ಲಿ ಇಬ್ಬರು ಇಪ್ಪತ್ತೈದರ ಆಸುಪಾಸಿನ ಹುಡುಗರು. ಎಲ್ಲರಿಗಿಂತ ಹಿರಿಯರು ಒಬ್ಬ ನಿವೃತ್ತ ಮೇಷ್ಟ್ರು, 63 ವರ್ಷ. ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಇರುವ ಕೆಲಸಕ್ಕೆ ಸ್ವೀಪ್ ಅಂತಾರೆ. ಯಾರು ನಿಂತರೂ ನಿಲ್ಲಬೇಕು, ಯಾರನ್ನೂ ದಾಟಿ ಮುಂದೆ ಹೋಗಬಾರದು. ಮೊದಲ ದಿನದ ಸ್ವೀಪ್ ನಾನು.

ಬೆಳಿಗ್ಗೆ ಐದಕ್ಕೆ ಹೊರಟೆವು. ನೆಲಮಂಗಲದವರೆಗೆ ಲಾರಿಗಳ ಭಯದಲ್ಲೇ ಎಲ್ಲರೂ ಒಟ್ಟಿಗೆ ಇದ್ದೆವು. ಅಲ್ಲಿಂದ ಹಾಸನದ ರಸ್ತೆಗೆ ತಿರುಗಿದ ಮೇಲೆ ಬೆಳಕು ಹರಿಯಿತು, ರಸ್ತೆ ಚೆನ್ನಾಗಿತ್ತು, ತಣ್ಣಗಿತ್ತು, ಗಾಳಿ ಬೆನ್ನಿಗಿತ್ತು. ಹುಡುಗರು ವೇಗ ಏರಿಸಿದರು.

ಗುಂಪು ಹೇಗೆ ಒಡೆಯುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಪಾಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಸೈಕಲ್ ತುಳಿಯುವವರ ಶಕ್ತಿಯ ದೊಡ್ಡ ಪಾಲು ಎದುರಿನ ಗಾಳಿಯನ್ನು ತಳ್ಳುವುದಕ್ಕೇ ಖರ್ಚಾಗುತ್ತದೆ. ಮುಂದಿನವರ ಹಿಂದೆ ಅಂಟಿಕೊಂಡಂತೆ ಹೋದರೆ ಗಾಳಿಯನ್ನು ಅವರು ಸೀಳಿಕೊಡುತ್ತಾರೆ, ನಮಗೆ ಎಷ್ಟೋ ಸಲೀಸು. ಆದರೆ ಯಾರಾದರೂ ಒಂದು ಏರಿನಲ್ಲಿ ಹತ್ತು ಮೀಟರ್ ಹಿಂದೆ ಬಿದ್ದರೆ ಆ ಮರೆ ಹೋಯಿತು. ಈಗ ಗಾಳಿಯೆಲ್ಲ ಅವರದೇ. ಗುಂಪಿನಲ್ಲಿ ಶಕ್ತಿ ಕಡಿಮೆ ಇದ್ದವರೇ ಎಲ್ಲರಿಗಿಂತ ಜಾಸ್ತಿ ದುಡಿಯಬೇಕು. ಹತ್ತು ಮೀಟರ್ ನೂರಾಗುತ್ತದೆ, ನೂರು ಒಂದು ಕಿಲೋಮೀಟರ್ ಆಗುತ್ತದೆ. ಇದರಲ್ಲಿ ಯಾರ ಕೆಟ್ಟ ಮನಸ್ಸೂ ಇರಲ್ಲ. ಸುಮ್ನೆ ಯಾರೂ ಹಿಂದೆ ತಿರುಗಿ ನೋಡಿರಲ್ಲ, ಅಷ್ಟೇ.

ಸೋಲೂರು ದಾಟಿದ ಮೇಲೆ ಮೇಷ್ಟ್ರು ಹಿಂದೆ ಬಿದ್ದರು. ನಾನು ಜೊತೆಗಿದ್ದೆ. "ನೀನು ಹೋಗಮ್ಮಾ, ನಾನು ನಿಧಾನಕ್ಕೆ ಬರ್ತೀನಿ" ಅಂದರು. ಕಾಲು ಹಗುರವಾಗಿತ್ತು. ಮುಂದೆ ಹುಡುಗರ ಹಳದಿ ಜಾಕೆಟ್ ಕಾಣಿಸುತ್ತಿತ್ತು. ಮಧ್ಯಾಹ್ನದೊಳಗೆ ನೂರು ಮುಗಿಸಬೇಕು ಅಂತ ತಲೆಯಲ್ಲಿ ಕೂತಿತ್ತು. ನಾನು ಹೋದೆ.

ಕುಣಿಗಲ್ ದಾಟಿ ಸ್ವಲ್ಪ ಮುಂದೆ ಒಂದು ಟೀ ಅಂಗಡಿ. ನಡುವಯಸ್ಸಿನ ಹೆಂಗಸು ನಡೆಸುತ್ತಿದ್ದರು. ಮೊದಲು ತಲುಪಿದ ಹುಡುಗ ಒಂಬತ್ತು ಟೀ ಹೇಳಿದ್ದ. ಅವರು ಒಂಬತ್ತು ಲೋಟ ಸಾಲಾಗಿ ಇಟ್ಟು ಹುಯ್ದರು. ನಾವು ಬಂದವರು ಬಂದಂತೆ ಎತ್ತಿಕೊಂಡೆವು. ಸ್ಟೀಲ್ ತಟ್ಟೆಯ ಮೇಲೆ ಒಂದು ಲೋಟ ಉಳಿಯಿತು. ನಾವು ಮೀಟರ್ ನೋಡಿಕೊಂಡು ಸರಾಸರಿ ವೇಗ ಎಷ್ಟು ಬಂತು ಅಂತ ಮಾತಾಡುತ್ತಿದ್ದೆವು. ಲೋಟದಲ್ಲಿ ಕೆನೆ ಕಟ್ಟಿತು.

"ಒಂಬತ್ತು ಅಂದ್ರಲ್ಲಾ" ಅಂದರು ಆಕೆ. "ಇನ್ನೊಬ್ರು ಎಲ್ಲಿ?"

ಯಾರೂ ಮಾತಾಡಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಆಕೆ ಲೋಟದ ಮೇಲೆ ಒಂದು ಪ್ಲೇಟು ಮುಚ್ಚಿಟ್ಟು ಒಳಗೆ ಹೋದರು.

ಫೋನ್ ಮಾಡಿದೆ, ಎತ್ತಲಿಲ್ಲ. ಬ್ಯಾಗ್ ಬಿಚ್ಚಿಟ್ಟು ವಾಪಸ್ ತುಳಿದೆ. ಬೆನ್ನಿಗಿದ್ದ ಗಾಳಿ ಈಗ ಎದೆಗೆ. ಒಂದು ಕಿಲೋಮೀಟರ್, ಎರಡು, ಐದು. ಎದುರಿಗೆ ಬರುವ ಪ್ರತಿ ಸೈಕಲ್ಲೂ ಮೇಷ್ಟ್ರದೇ ಅನ್ನಿಸುತ್ತಿತ್ತು. ಹಾಲಿನ ಕ್ಯಾನ್ ಕಟ್ಟಿಕೊಂಡವರು, ಶಾಲೆಗೆ ಹೋಗುವ ಹುಡುಗಿಯರು. ಎಂಟು ಕಿಲೋಮೀಟರ್ ಆದ ಮೇಲೆ ನಾನು ರಸ್ತೆ ನೋಡುವುದನ್ನು ಬಿಟ್ಟು ಪಕ್ಕದ ಚರಂಡಿ ನೋಡಲು ಶುರು ಮಾಡಿದೆ. ಅದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ.

ಹನ್ನೊಂದನೇ ಕಿಲೋಮೀಟರಿನಲ್ಲಿ ಸಿಕ್ಕರು. ಒಂದು ಹೊಂಗೆ ಮರದ ಕೆಳಗೆ, ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರ ಬಿಚ್ಚಿಕೊಂಡು ಕೂತಿದ್ದರು. ಪಂಕ್ಚರ್. ಹೆದ್ದಾರಿಯ ಅಂಚಿನಲ್ಲಿ ಸಿಡಿದು ಬಿದ್ದ ಲಾರಿ ಟೈರಿನ ಚೂರುಗಳಿರುತ್ತವಲ್ಲ, ಅದರೊಳಗಿನ ಉಕ್ಕಿನ ತಂತಿ ಕೂದಲಿನಷ್ಟು ಸಣ್ಣದು. ಸೈಕಲ್ ಟೈರಿಗೆ ಚುಚ್ಚಿಕೊಂಡರೆ ಹೊರಗಿನಿಂದ ಕಾಣುವುದೇ ಇಲ್ಲ. ಮೇಷ್ಟ್ರು ಟ್ಯೂಬ್ ಬದಲಾಯಿಸಿದ್ದರು, ತಂತಿ ಟೈರಿನೊಳಗೇ ಇತ್ತು, ಎರಡನೇ ಟ್ಯೂಬೂ ಹೋಯಿತು. ಟೈರಿನ ಒಳಮೈ ಮೇಲೆ ಬಟ್ಟೆ ಸವರಿಕೊಂಡು ಹೋದೆವು. ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಉಗುರು ಕತ್ತರಿಯಿಂದ ಹಿಡಿದು ಎಳೆದರೆ ಅರ್ಧ ಇಂಚಿನ ತಂತಿ ಬಂತು.

ಫೋನ್ ಅವರ ಬ್ಯಾಗಿನಲ್ಲೇ ಇತ್ತು, ಸೈಲೆಂಟ್‌ನಲ್ಲಿ. "ಒಂದು ಫೋನ್ ಮಾಡಬಾರದಿತ್ತಾ ಮೇಷ್ಟ್ರೇ?" ಅಂದೆ. ದನಿ ಜೋರಾಗಿಯೇ ಇತ್ತು.

"ಎಲ್ಲಾ ಖುಷಿಯಾಗಿ ಹೋಗ್ತಿದ್ರಲ್ಲಮ್ಮಾ. ನನ್ನಿಂದ ನಿಮ್ಮ ಲೆಕ್ಕ ಯಾಕೆ ಕೆಡಬೇಕು ಅನ್ನಿಸ್ತು."

ಲೆಕ್ಕ ಅಂದರು. ಅದೇ ಕಿಲೋಮೀಟರಿನ ಲೆಕ್ಕ.

ಅಂಗಡಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಜಗಳ ಆಯಿತು. "ಚನ್ನರಾಯಪಟ್ಟಣದ ರೂಮಿನ ಅಡ್ವಾನ್ಸ್ ಹೋಗುತ್ತೆ, ಮೇಷ್ಟ್ರನ್ನು ಬಸ್ ಹತ್ತಿಸೋಣ, ಅಲ್ಲಿ ಸಿಗಲಿ" ಅಂತ ಒಬ್ಬರು. ನಾನು ಆಗಲ್ಲ ಅಂದೆ. ಇಬ್ಬರು ಅತ್ತ, ಇಬ್ಬರು ಇತ್ತ. ಆಕೆ ಮುಚ್ಚಿಟ್ಟಿದ್ದ ಟೀ ಚೆಲ್ಲಿ ಹೊಸದಾಗಿ ಮಾಡಿ ಮೇಷ್ಟ್ರ ಕೈಗೆ ಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಅಂದು ಎಡೆಯೂರಿನಲ್ಲಿ ನಿಂತೆವು. ಸಿದ್ಧಲಿಂಗೇಶ್ವರನ ದೇವಸ್ಥಾನದಲ್ಲಿ ದಾಸೋಹದ ಊಟ ಮಾಡಿ ಅಲ್ಲೇ ಉಳಿದುಕೊಂಡೆವು. 88 ಅನ್ನುವುದು ಹೀಗೆ ಬಂದದ್ದು. ನನ್ನ ಮೀಟರ್‌ನಲ್ಲಿ 110 ಇತ್ತು. ಯಾರು ಕೇಳಿದರೂ ನಾನು 88 ಎಂದೇ ಹೇಳುತ್ತೇನೆ. ಉಳಿದ 22 ಬೇರೆಯವರಿಗೆ ಹೇಳಿ ಹೆಚ್ಚುಗಾರಿಕೆ ತೋರಿಸುವ ದೂರ ಅಲ್ಲ.

ಈಗ ಹೇಳಿ, ದಿನಕ್ಕೆ ಎಷ್ಟು ಕಿಲೋಮೀಟರ್ ಅನ್ನುವುದಕ್ಕೆ ನಾನು ಲಿಫ್ಟಿನಲ್ಲಿ ನಿಂತು ಏನಂತ ಉತ್ತರ ಕೊಡಲಿ?

ನನ್ನ ಅಣ್ಣ ಒಬ್ಬ, ಚಿಕ್ಕಪ್ಪನ ಮಗ, ನಾನು ಬಂದ ಮೇಲೆ ಹಳೇ ಕಾಲದ ಪಾರ್ಸಿ ತರುಣರ ಕಥೆ ಕಳಿಸಿದ. 1923ರ ಅಕ್ಟೋಬರ್‌ನಲ್ಲಿ ಮುಂಬೈಯಿಂದ ಸೈಕಲ್‌ನಲ್ಲಿ ಪ್ರಪಂಚ ಸುತ್ತಲು ಹೊರಟು 1928ರ ಮಾರ್ಚ್‌ನಲ್ಲಿ ವಾಪಸ್ ಬಂದವರು. ಸುಮಾರು 71,000 ಕಿಲೋಮೀಟರ್. "ನೋಡು, ಇದು ಹೊಡೆಯೋದು ಅಂದ್ರೆ!" ಅಂತ ಕೆಳಗೆ ಬರೆದಿದ್ದ. ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಸಂಖ್ಯೆಯ ಮೇಲೆ. ಹೊರಟವರು ಆರು ಜನ. ಸುತ್ತು ಮುಗಿಸಿ ಬಂದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್ಗಾರಾ. ಉಳಿದವರು ದಾರಿಯಲ್ಲಿ ಬೇರೆಯಾದರು, ಒಬ್ಬರು ಅಮೆರಿಕದಲ್ಲೇ ಉಳಿದರು. ಒಬ್ಬೊಬ್ಬರು ಬಿಟ್ಟು ಹೋದ ದಿನ ಮಿಕ್ಕವರು ಮರುದಿನದ ಸೈಕಲ್ ಹೇಗೆ ಹತ್ತಿದರು? ನನಗೆ ಅದು ಕೇಳಬೇಕು. ಅಣ್ಣನಿಗೆ ಹಾಗೇ ಬರೆದೆ. ಅವನು ಹೆಬ್ಬೆಟ್ಟಿನ ಗುರುತು ಕಳಿಸಿ ಸುಮ್ಮನಾದ.

ನೀವು ನನ್ನನ್ನು ಕೇಳುವುದಾದರೆ ಟೀ ಅಂಗಡಿಯ ಆಕೆ ಕೇಳಿದ್ದನ್ನು ಕೇಳಿ. ಇನ್ನೊಬ್ಬರು ಎಲ್ಲಿ? ಅದಕ್ಕೆ ನಾನು ಕೂತು ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ.

ಎಡೆಯೂರಿನಲ್ಲಿ ಆ ರಾತ್ರಿ ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುತ್ತಿದ್ದಾಗಿನ ಮಾತು ತೆಗೆದರು. ಬಸ್ ಹೊರಡುವ ಮೊದಲು ಪ್ರತಿ ಸಲ ತಲೆ ಎಣಿಸುತ್ತಿದ್ದರಂತೆ. "ಹೆಸರು ಕರೆದರೆ ಪಕ್ಕದವನೇ ಹಾಜರ್ ಅಂದುಬಿಡ್ತಾನೆ. ತಲೆ ಎಣಿಸಿದರೆ ಮೋಸ ಇಲ್ಲ" ಅಂದರು. ಮರುದಿನದಿಂದ ನಮ್ಮದೂ ಅದೇ. ಒಬ್ಬೊಬ್ಬರಿಗೂ ಒಂದು ಸಂಖ್ಯೆ. ನಿಂತಲ್ಲೆಲ್ಲ ಒಂದರಿಂದ ಒಂಬತ್ತರವರೆಗೆ ಕೂಗಬೇಕು, ಒಂಬತ್ತು ಕೇಳಿಸದೆ ಯಾರೂ ಪೆಡಲ್ ತುಳಿಯಬಾರದು. ಎಲ್ಲರಿಗಿಂತ ನಿಧಾನ ಇರುವವರಿಗೆ ಎರಡನೇ ಜಾಗ, ಮುಂದಿನವರ ಗಾಳಿಮರೆಯಲ್ಲಿ. ಅವರ ಉಸಿರು ಏರಿದ್ದು ಕೇಳಿಸಿದರೆ ಮುಂದಿನವರು ವೇಗ ಇಳಿಸಬೇಕು. ಸ್ವೀಪ್ ಕೆಲಸ ಎಲ್ಲರಿಗಿಂತ ಗಟ್ಟಿ ಇರುವ ಹುಡುಗನದು.

ಎರಡನೇ ದಿನ ಆ ಎರಡನೇ ಜಾಗ ನನ್ನದಾಯಿತು. ಹಿರೀಸಾವೆ ಬರುವ ಹೊತ್ತಿಗೆ ಬಲ ಮೊಣಕಾಲಿನ ಮುಂಭಾಗ ಹಿಡಿದುಕೊಂಡಿತು. ಕಿರುಬೆರಳು, ಉಂಗುರದ ಬೆರಳು ಜೋಮು. ಕಾಲು ನೋಯಲ್ವಾ ಅಂತಲೂ ಜನ ಕೇಳುತ್ತಾರಲ್ಲ, ತೊಡೆ ಅಷ್ಟೇನೂ ನೋಯಲ್ಲ. ನೋಯುವುದು ಕೂರುವ ಜಾಗ, ಮೊಣಕಾಲು, ಅಂಗೈ, ಕತ್ತು. ಹಿಂದೆ ಬರುತ್ತಿದ್ದ ಮೇಷ್ಟ್ರು ನನ್ನನ್ನೇ ಗಮನಿಸುತ್ತಿದ್ದರು. "ನಿಲ್ಲಮ್ಮಾ, ನಿನ್ನ ಮಂಡಿ ಜಾಸ್ತಿ ಮಡಚ್ತಿದೆ" ಅಂದರು. ನೋಡಿದರೆ ಸೀಟಿನ ಕ್ಲಾಂಪ್ ಸಡಿಲವಾಗಿ ಸೀಟು ಎರಡು ಬೆರಳಷ್ಟು ಕೆಳಗೆ ಜಾರಿತ್ತು. ಸೀಟು ತಗ್ಗಿದ್ದರೆ ಪ್ರತಿ ತುಳಿತದ ಭಾರವೂ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಏರಿಸಿ ಬಿಗಿ ಮಾಡಿ, ಗೇರ್ ಹಗುರ ಇಟ್ಟುಕೊಂಡು ಹಾಸನದವರೆಗೆ ತುಳಿದೆ. ಒಬ್ಬಳೇ ಇದ್ದಿದ್ದರೆ ನನಗೆ ಅದು ತಿಳಿಯುತ್ತಿರಲಿಲ್ಲ. ನನ್ನ ಮಂಡಿ ಹೇಗೆ ಮಡಚುತ್ತಿದೆ ಅಂತ ಹಿಂದಿನಿಂದ ನೋಡುವವರಿಗೆ ಮಾತ್ರ ಕಾಣುತ್ತದೆ.

ಮೂರನೇ ದಿನದ 40 ಹಾಸನದಿಂದ ಸಕಲೇಶಪುರಕ್ಕೆ. ಹೌದು, ಅಷ್ಟೇ. ನನ್ನ ಮಂಡಿ ಇತ್ತು, ಇನ್ನೊಬ್ಬರಿಗೆ ಸೀಟಿನಿಂದ ಚರ್ಮ ಕಿತ್ತು ಹುಣ್ಣಾಗಿತ್ತು, ಮುಂದೆ ಶಿರಾಡಿ ಘಾಟಿ ಇತ್ತು. ಘಾಟಿಯನ್ನು ಬೆಳಿಗ್ಗೆ, ಮೈಯಲ್ಲಿ ಕಸುವು ಇದ್ದಾಗ ಇಳಿಯಬೇಕು. ಇಳಿಯುವುದು ಸುಲಭ ಅಂದುಕೊಂಡಿದ್ದೀರಾ? ಭಾರ ಕಟ್ಟಿದ ಸೈಕಲ್‌ನಲ್ಲಿ ಬ್ರೇಕ್ ಹಿಡಿದೇ ಇದ್ದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಇಳಿಯಬೇಕು. ಮಧ್ಯಾಹ್ನ ಎಲ್ಲರೂ ಮಲಗಿದರು. ಸಂಜೆ ನಾನು ಮೇಷ್ಟ್ರು ಒಂದು ಮನೆಯ ಕಣದ ಹತ್ತಿರ ನಿಂತು ಕಾಫಿ ಹಣ್ಣು ಒಣಗಿಸುವುದನ್ನು ನೋಡಿದೆವು. ಆ ಹುಳಿ ವಾಸನೆ ಇನ್ನೂ ಮೂಗಿನಲ್ಲಿದೆ. 140 ಮಾಡಿದ್ದರೆ ಅದೂ ಸಿಗುತ್ತಿರಲಿಲ್ಲ.

ನಾಲ್ಕನೇ ದಿನ ದೋಣಿಗಲ್‌ನಲ್ಲಿ ಎಣಿಸಿಕೊಂಡು ಘಾಟಿ ಇಳಿದೆವು. ಬಸ್ಸು, ಟ್ಯಾಂಕರ್‌ಗಳಿಗೆ ದಾರಿ ಬಿಟ್ಟು, ಮಧ್ಯೆ ಮಧ್ಯೆ ನಿಂತು ರಿಮ್ ಆರಿಸಿಕೊಂಡು ಗುಂಡ್ಯಕ್ಕೆ ಬಂದೆವು. ಮೊದಲು ತಲುಪಿದವನು ಮತ್ತೆ ಅದೇ ಹುಡುಗ, ಕುಣಿಗಲ್‌ನಲ್ಲಿ ಟೀ ಹೇಳಿದವನು. ನಾನು ಹೋಗಿ ಸೈಕಲ್ ಒರಗಿಸುವಾಗ ಅವನು ಅಂಗಡಿಯವರ ಮುಂದೆ ನಿಂತು, ತಿರುವಿನ ಕಡೆಗೇ ನೋಡುತ್ತಾ ಹೇಳುತ್ತಿದ್ದ:

"ಒಂಬತ್ತು ಟೀ ಅಣ್ಣಾ. ಈಗಲೇ ಹಾಕ್ಬೇಡಿ. ಇನ್ನೂ ಇಬ್ಬರು ಬರಬೇಕು."