ಮಾರ್ತಳಿಗೂ ಒಂದು ದಿನ

ಜುಲೈ ತಿಂಗಳ ಕೊನೆಯ ದಿನಗಳು ಬಂದರೆ ನನಗೆ ಏನೋ ಸಂಭ್ರಮ. ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಸಂತರ ಹಬ್ಬಗಳು ಸಾಲಾಗಿ ಬರುತ್ತವೆ. 22ಕ್ಕೆ ಮಗ್ದಲದ ಮರಿಯಳ ಹಬ್ಬ. 26ಕ್ಕೆ ಯೇಸುವಿನ ತಾಯಿ ಮಾತೆ ಮರಿಯಮ್ಮನ ತಂದೆತಾಯಿ ಜ್ವಾಕಿಂ ಮತ್ತು ಅನ್ನಮ್ಮ. 29ಕ್ಕೆ ಬೆಥಾನಿಯದ ಮಾರ್ತ. ಮಧ್ಯೆ ಸಂತ ಯಕೋಬರೂ ಬರುತ್ತಾರೆ, ನಿಜ. ಆದರೂ ಇವು ನಮ್ಮ ಹೆಣ್ಣುಮಕ್ಕಳ ದಿನಗಳು ಅಂತಲೇ ನನ್ನ ಮನಸ್ಸಿಗೆ.

2025ರಲ್ಲಿ ಇನ್ನೊಂದು ವಿಶೇಷ ಕೂಡಿಬಂತು. ಭಾನುವಾರ ಗುಡಿಯ ಬಲಿಪೂಜೆಯಲ್ಲಿ ಓದುವ ಬೈಬಲ್ ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ ಅಲ್ವಾ, ಆ ವರ್ಷ ಲೂಕರು ಬರೆದ ಶುಭಸಂದೇಶದ ಸರದಿ. ಜುಲೈ 20ರ ಭಾನುವಾರ ಓದಿದ್ದು ಲೂಕ 10ನೇ ಅಧ್ಯಾಯ. ಯೇಸುಸ್ವಾಮಿ ಮಾರ್ತಳ ಮನೆಗೆ ಬಂದಿದ್ದಾರೆ. ಅವಳ ತಂಗಿ ಮರಿಯ ಅವರ ಪಾದದ ಬಳಿ ಕೂತು ಕೇಳುತ್ತಿದ್ದಾಳೆ. ಮಾರ್ತಳಿಗೆ ಕೈತುಂಬ ಕೆಲಸ. ತಂಗಿಗೆ ಸ್ವಲ್ಪ ಹೇಳಿ ಸ್ವಾಮಿ ಅಂತ ದೂರು ಕೊಟ್ಟರೆ, ಒಳ್ಳೆಯದನ್ನು ಆರಿಸಿಕೊಂಡವಳು ಮರಿಯ ಅನ್ನುವ ಉತ್ತರ ಬರುತ್ತದೆ.

ಈ ಶುಭಸಂದೇಶ ಓದಿದ ಭಾನುವಾರ ನಮ್ಮಜ್ಜಿ ಮುಖ ಸಪ್ಪಗೆ ಮಾಡಿಕೊಂಡೇ ಗುಡಿಯಿಂದ ಬರುತ್ತಿದ್ದಳು. ಕೋಲಾರದ ಕಡೆಯ ಹಳ್ಳಿ ನಮ್ಮದು. ಅಜ್ಜಿಗೆ ಓದು ಬರಹ ಇಲ್ಲ. ಬೈಬಲ್ ಪೂರ್ತಿ ಕಿವಿಯಿಂದಲೇ ಬಂದಿದ್ದು. "ಎಸರಿಗೆ ಹಿಟ್ಟು ಹಾಕಿದ ಮೇಲೆ ಎದ್ದು ಹೋಗಿ ಕೂತ್ಕೊಳೋಕಾಗುತ್ತಾ?" ಅನ್ನುತ್ತಿದ್ದಳು. ಪಾತ್ರೆಯನ್ನು ಎರಡು ಪಾದದ ನಡುವೆ ಅದುಮಿ ಹಿಡಿದು, ಮುದ್ದೆ ಕೋಲಿಗೆ ಮೈಭಾರವೆಲ್ಲ ಹಾಕಿ ತಿರುವುತ್ತಿದ್ದಳು. ಗಂಟು ಉಳಿಯಬಾರದು. ಬೆವರು ಮೂಗಿನ ತುದಿಗೆ ಬಂದು ನಿಂತರೂ ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಆ ಹಬೆ, ಬೆಂದ ರಾಗಿಯ ಆ ವಾಸನೆ ಈಗಲೂ ಮಾರ್ತಳ ಹೆಸರು ಕೇಳಿದ ತಕ್ಷಣ ನನ್ನ ಮೂಗಿಗೆ ಬರುತ್ತದೆ. ಬೆಥಾನಿಯದ ಅಡುಗೆಮನೆಯನ್ನು ನಾನು ನೋಡಿದ್ದು ಅಲ್ಲೇ.

ಅದೇ ಭಾನುವಾರದ ಮೊದಲ ವಾಚನವನ್ನು ಗಮನಿಸಿದ್ದೀರಾ? ಆದಿಕಾಂಡ 18. ಉರಿಬಿಸಿಲಲ್ಲಿ ಮಮ್ರೆಯ ಮರಗಳ ಹತ್ತಿರ ಮೂವರು ಅಪರಿಚಿತರು ಬರುತ್ತಾರೆ. ಅಬ್ರಹಾಮ ಓಡಿ ಹೋಗಿ ಕರೆಯುತ್ತಾನೆ. ಹೆಂಡತಿ ಸಾರಾ ಹಿಟ್ಟು ನಾದುತ್ತಾಳೆ. ಎಳೆಗರು, ಮೊಸರು, ಹಾಲು. ಅವನಂತೂ ಬಡಿಸಿ ಪಕ್ಕದಲ್ಲೇ ನಿಂತಿರುತ್ತಾನೆ. ಅಂಥ ಸತ್ಕಾರವನ್ನು ಮಾರ್ತಳ ಕಥೆಯ ಜೊತೆಗೇ ಓದಿಸುತ್ತದೆ ಧರ್ಮಸಭೆ. ಬಡಿಸುವ ಕೈ ತಪ್ಪು ಅಂತ ಯೇಸು ಹೇಳಲಿಲ್ಲ. ಅವರು ಬೇಡ ಅಂದಿದ್ದು ಅವಳ ಚಿಂತೆಯನ್ನು, ತಳಮಳವನ್ನು. ನನಗೆ ಇದು ಅರ್ಥವಾಗಿದ್ದು ಎರಡು ವಾಚನ ಒಟ್ಟಿಗೆ ಓದಿದ ಮೇಲೆ.

ಒಂಬತ್ತು ದಿನ ಬಿಟ್ಟು ಮಂಗಳವಾರ, ಜುಲೈ 29. ಮೊದಲು ಈ ದಿನ ಮಾರ್ತಳದ್ದು ಮಾತ್ರ ಆಗಿತ್ತು. ಬೆಥಾನಿಯದ ಮರಿಯ, ಮಗ್ದಲದ ಮರಿಯ ಒಬ್ಬಳೇನಾ ಬೇರೆಯಾ ಅನ್ನುವ ಗೊಂದಲ ಬಹಳ ಕಾಲ ಇತ್ತು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಮಾರ್ತ, ಮರಿಯ, ಅವರ ತಮ್ಮ ಲಾಜರ ಮೂವರನ್ನೂ ಒಂದೇ ದಿನಕ್ಕೆ ಸೇರಿಸಿದರು. ಒಡಹುಟ್ಟಿದವರು ಒಂದೇ ಸೂರಿನಡಿ ಬಂದ ಹಾಗಾಯಿತು.

ಅವತ್ತು ಓದಿದ್ದು ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯ. ಲಾಜರ ತೀರಿಕೊಂಡು ನಾಲ್ಕು ದಿನ. ಯೇಸು ಬರುತ್ತಿದ್ದಾರೆ ಅಂತ ಸುದ್ದಿ ಬಂದಾಗ ಮರಿಯ ಮನೆಯಲ್ಲೇ ಕೂತಿರುತ್ತಾಳೆ. ಎದ್ದು ಎದುರು ಹೋಗುವವಳು ಮಾರ್ತ. ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ನೇರವಾಗಿ ಹೇಳುತ್ತಾಳೆ. ಆಮೇಲೆ ಅದೇ ಬಾಯಲ್ಲಿ, ಲೋಕಕ್ಕೆ ಬರಬೇಕಾದ ಕ್ರಿಸ್ತ, ದೇವರ ಪುತ್ರ ನೀವೇ ಅಂತ ನಂಬಿದ್ದೇನೆ ಅನ್ನುತ್ತಾಳೆ. ಯೇಸುವಿನ ಶಿಷ್ಯ ಪೇತ್ರ ಮತ್ತಾಯರ ಶುಭಸಂದೇಶದ 16ರಲ್ಲಿ ಹೇಳಿದ್ದೂ ಇದನ್ನೇ ಅಲ್ವಾ? ಮಾರ್ತ ಹೇಳಿದ್ದು ಸಾವಿನ ಮನೆಯಿಂದ ಎದ್ದು ಬಂದು. ತಮ್ಮ ಇನ್ನೂ ಸಮಾಧಿಯಲ್ಲೇ ಇದ್ದಾನೆ.

ನಮ್ಮ ತಾತ ತೀರಿಕೊಂಡ ದಿನ ಅಜ್ಜಿಯನ್ನು ಎಲ್ಲರೂ ಸುಮ್ನೆ ಕೂತ್ಕೋ ಅಂದರು. ಅವಳು ಕೇಳಲಿಲ್ಲ. ಕೊಟ್ಟಿಗೆಗೆ ಹೋಗಿ ಹಸುವಿಗೆ ನೀರಿಡುತ್ತಿದ್ದಳು. ಅಷ್ಟರಲ್ಲಿ ನಮ್ಮ ಗುಡಿಯ ಪಾದ್ರಿ ಸ್ವಾಮಿಗಳ ಸ್ಕೂಟರ್ ಸದ್ದು ಕೇಳಿಸಿತು. ಬಕೆಟ್ ಅಲ್ಲೇ ಬಿಟ್ಟು ಒದ್ದೆ ಕೈಯಲ್ಲೇ ದಾರಿಗೆ ಓಡಿದಳು. "ಸ್ವಾಮಿ, ನಿನ್ನೆ ಬಂದಿದ್ರೆ ಅವರ ನಾಲಿಗೆ ಮೇಲೆ ಪ್ರಸಾದ ಇಡ್ತಿದ್ರಲ್ಲ" ಅಂದಳು. ಇನ್ನೊಂದು ಉಸಿರಿಗೆ ಅವರ ಕೈಹಿಡಿದು, "ಬನ್ನಿ, ಪ್ರಾರ್ಥನೆ ಮಾಡಿ, ದೇವರ ಹತ್ರಾನೇ ಇದ್ದಾರೆ ಅವರು" ಅಂದಳು. ದೂರೂ ನಂಬಿಕೆಯೂ ಒಟ್ಟಿಗೇ ಬಂದವು. ಯೊವಾನ್ನ 11 ಓದುವಾಗಲೆಲ್ಲ ನನಗೆ ಆ ದಾರಿಯೇ ಕಾಣುತ್ತದೆ.

ಆ ಜುಲೈ 29ರ ಬಲಿಪೂಜೆಯಲ್ಲಿ ಎಷ್ಟು ಜನ ಇದ್ದರು ಅಂತ ಹೇಳಲು ಮನಸ್ಸಿಗೆ ಕಷ್ಟ. ಮುಂದಿನ ಎರಡು ಬೆಂಚು ತುಂಬಲಿಲ್ಲ. ಆಗಸ್ಟ್ 29ಕ್ಕೆ ಬೆಂಗಳೂರಿನ ಶಿವಾಜಿನಗರದ ಗುಡಿಯಲ್ಲಿ ಮಾತೆ ಮರಿಯಮ್ಮನ ಹಬ್ಬದ ಬಾವುಟ ಏರಿದರೆ ನಮ್ಮ ಊರುಗಳಿಂದ ಕಾವಿ ಬಟ್ಟೆ ಉಟ್ಟು ಎಷ್ಟೊಂದು ಜನ ಹೋಗುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ನಾನೂ ಹೋಗುತ್ತೇನೆ, ಅದು ಬೇಕು. ಆದರೆ ವಾರದ ದಿನಗಳ ವಾಚನ ಯಾಕೆ ಬೇಡವಾಯಿತು? ಈಗ ಫೋನಿಗೇ ಬರುತ್ತದೆ. ಓದುವುದಕ್ಕಿಂತ ಮುಂದಕ್ಕೆ ಕಳಿಸುವುದೇ ಜಾಸ್ತಿ. ಭಾನುವಾರ ಮಾತ್ರ ಬರುವವರ ಮಟ್ಟಿಗೆ ಮಾರ್ತ ಅಂದರೆ ಬುದ್ಧಿ ಹೇಳಿಸಿಕೊಂಡವಳು, ಅಷ್ಟೇ. ಯೊವಾನ್ನ 11 ಮೂರು ವರ್ಷಕ್ಕೊಮ್ಮೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಐದನೇ ಭಾನುವಾರ ಬರುತ್ತದೆ, ಆದರೆ ಅವತ್ತು ಎಲ್ಲರ ಕಣ್ಣು ಲಾಜರನ ಸಮಾಧಿ ಮೇಲೆ. ಅವಳ ವಿಶ್ವಾಸ ಕೇಳಬೇಕಾದರೆ ಅವಳ ದಿನವೇ ಬರಬೇಕು.

ಮಕ್ಕಳನ್ನೂ ಕರೆದುಕೊಂಡು ಬನ್ನಿ. ಅಜ್ಜಿ ನಮ್ಮನ್ನು ನಿದ್ದೆಗಣ್ಣಲ್ಲೇ ಎಬ್ಬಿಸಿ ಕರೆದೊಯ್ಯುತ್ತಿದ್ದಳು. ಅದರಿಂದಲೇ ಇವತ್ತು ನನ್ನ ಬಾಯಲ್ಲಿ ಸಂತರ ಹೆಸರುಗಳು ಉಳಿದಿವೆ.

ಮಾರ್ತ ಇನ್ನೊಮ್ಮೆ ಬರುತ್ತಾಳೆ, ಈಸ್ಟರ್‌ಗೆ ಹಿಂದಿನ ಪವಿತ್ರ ವಾರದ ಸೋಮವಾರ, ಯೊವಾನ್ನ 12ರಲ್ಲಿ. ಯೇಸು ಬದುಕಿಸಿದ ಲಾಜರ ಸಮಾಧಿಯಿಂದ ಎದ್ದು ಬಂದಿದ್ದಾನೆ, ಊಟಕ್ಕೆ ಕೂತಿದ್ದಾನೆ. ಮರಿಯ ಸುಗಂಧ ತೈಲ ತರುತ್ತಾಳೆ. ಮಾರ್ತ ಬಡಿಸುತ್ತಿದ್ದಾಳೆ. ಈ ಸಲ ದೂರಿಲ್ಲ, ಯೇಸುವೂ ಅವಳಿಗೆ ಏನೂ ಅನ್ನುವುದಿಲ್ಲ. ಅವತ್ತು ರಜೆ ಇರುವುದಿಲ್ಲ, ಗೊತ್ತು. ಕೆಲಸಕ್ಕೆ ಹೋಗುವ ಮುಂಚೆ ಬೆಳಗಿನ ಬಲಿಪೂಜೆಗೆ ಬಂದು ಕೇಳಿಸಿಕೊಂಡು ಹೋಗಿ.