ದೆವ್ವದ ಸಿನಿಮಾ ಹಿಡಿದು ಪುಸ್ತಕದ ಕಡೆಗೆ

9 ನವೆಂಬರ್ 2024, ಶನಿವಾರ

ಮುಂದೆ ಏನು ಓದಲಿ ಅನ್ನುವ ಪ್ರಶ್ನೆಗೆ ಈಚೆಗೆ ನನಗೆ ಹಳೆಯ ಹಾರರ್ ಸಿನಿಮಾಗಳಿಂದಲೇ ಉತ್ತರ ಸಿಗುತ್ತಿದೆ. ಸಿನಿಮಾ ಮುಗಿದ ಮೇಲೆ ಆ ಕಥೆ ಯಾರದ್ದು ಅಂತ ನೋಡುತ್ತೇನೆ. ಅವರು ದೆವ್ವದ ಕಥೆ ಬಿಟ್ಟು ಇನ್ನೇನು ಬರೆದಿದ್ದಾರೆ ಅಂತ ಹುಡುಕುತ್ತೇನೆ. ಹಾಗೆ ಹುಡುಕುತ್ತಾ ಹೋದರೆ, ನಾನಾಗಿಯೇ ಎಂದೂ ಕೈಗೆತ್ತಿಕೊಳ್ಳದ ಪುಸ್ತಕಗಳು ಸಿಗುತ್ತವೆ.

ನಿನ್ನೆ ರಾತ್ರಿ 'ದಿ ಹಾಂಟಿಂಗ್' ಮತ್ತೆ ನೋಡಿದೆ. 1963ರ ಕಪ್ಪು ಬಿಳುಪು ಸಿನಿಮಾ. ನಿರ್ದೇಶಕ ರಾಬರ್ಟ್ ವೈಸ್. ಎರಡು ವರ್ಷದ ನಂತರ ಹಾಡುಗಳೇ ತುಂಬಿದ 'ದಿ ಸೌಂಡ್ ಆಫ್ ಮ್ಯೂಸಿಕ್' ಮಾಡಿದವರೂ ಇವರೇ ಅಂದರೆ ಆಶ್ಚರ್ಯ ಅಲ್ವಾ? ಇಡೀ ಸಿನಿಮಾದಲ್ಲಿ ಒಂದು ದೆವ್ವವೂ ಕಾಣಿಸುವುದಿಲ್ಲ. ಗೋಡೆಯಾಚೆ ಏನೋ ಬಡಿಯುವ ಸದ್ದು. ಬಾಗಿಲ ಹಿಡಿ ಮೆಲ್ಲಗೆ ತಿರುಗುತ್ತದೆ. ಆಮೇಲೆ ಮರದ ದಪ್ಪ ಬಾಗಿಲೇ ಉಸಿರೆಳೆದುಕೊಂಡ ಹಾಗೆ ಒಳಕ್ಕೆ ಉಬ್ಬುತ್ತದೆ. ಅಷ್ಟೇ. ಮೊದಲೇ ನೋಡಿದ್ದರೂ ನಾನು ಕಾಲು ಮಡಚಿಕೊಂಡು ಕೂತೆ.

ವೈಸ್ ನಿರ್ದೇಶನ ಶುರು ಮಾಡಿದ್ದು 1940ರ ದಶಕದಲ್ಲಿ, ನಿರ್ಮಾಪಕ ವ್ಯಾಲ್ ಲ್ಯೂಟನ್ ಹತ್ತಿರ. ಲ್ಯೂಟನ್ ಸಿನಿಮಾಗಳಿಗೆ ದುಡ್ಡು ತೀರಾ ಕಡಿಮೆ. ಅದಕ್ಕೇ ನೆರಳು ಮತ್ತು ಸದ್ದನ್ನೇ ನಂಬಿಕೊಂಡರು. ಅವರ 'ಕ್ಯಾಟ್ ಪೀಪಲ್' (1942) ಸಿನಿಮಾದಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆದು ಹೋಗುತ್ತಾಳೆ. ಹಿಂದಿನಿಂದ ಚಪ್ಪಲಿ ಸದ್ದು. ಇದ್ದಕ್ಕಿದ್ದಂತೆ ಆ ಸದ್ದು ನಿಲ್ಲುತ್ತದೆ. ಮರುಕ್ಷಣ ಬುಸ್ಸೆಂದು ಬಂದು ನಿಲ್ಲುವುದು ಒಂದು ಬಸ್ಸು! ಇವತ್ತಿನ ಸಿನಿಮಾಗಳೂ ಇದೇ ತಂತ್ರ ಬಳಸುತ್ತವೆ. ಆದರೆ ಸದ್ದು ನಿಂತ ಮೇಲಿನ ಆ ಮೌನವನ್ನು ಇಷ್ಟು ಚೆನ್ನಾಗಿ ಕಾಯುವವರು ಕಡಿಮೆ.

'ದಿ ಹಾಂಟಿಂಗ್' ಕಥೆ ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿಯದ್ದು, 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್'. ಸಿನಿಮಾ ಇಷ್ಟವಾದವರು ಇದನ್ನು ಓದಲೇಬೇಕು. ನಾಯಕಿ ಎಲೆನರ್‌ಗೆ 32 ವರ್ಷ. 11 ವರ್ಷ ಕಾಯಿಲೆಯ ತಾಯಿಯ ಸೇವೆ ಮಾಡಿದವಳು. ತನ್ನದು ಅಂತ ಒಂದು ಮನೆಯೂ ಇಲ್ಲ. ದೆವ್ವದ ಮನೆ ಅನ್ನಿಸಿಕೊಂಡ ಹಿಲ್ ಹೌಸ್‌ಗೆ ಕಾರು ಓಡಿಸಿಕೊಂಡು ಹೋಗುವಾಗ ದಾರಿಯಲ್ಲಿ ಬಾಗಿಲ ಮುಂದೆ ಕಲ್ಲಿನ ಸಿಂಹಗಳಿರುವ ಒಂದು ಮನೆ ನೋಡುತ್ತಾಳೆ. ತಾನು ಅಲ್ಲೇ ಬಾಳಿದಂತೆ, ಆ ಸಿಂಹಗಳನ್ನು ದಿನಾ ಒರೆಸಿದಂತೆ ಕಲ್ಪಿಸಿಕೊಳ್ಳುತ್ತಾಳೆ. ನನಗೆ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಇಷ್ಟವಾದ ಭಾಗ ಇದೇ. ಇಲ್ಲಿ ಭಯ ಹುಟ್ಟಿಸುವಂಥದ್ದು ಏನೂ ಇಲ್ಲ. ಆದರೆ ಅವಳ ಒಂಟಿತನ ನಮಗೆ ತಟ್ಟಿದ ಮೇಲೆ, ಆ ಕೆಟ್ಟ ಮನೆ ಅವಳನ್ನು 'ಬಾ' ಅಂತ ಕರೆದಾಗ ಎದೆ ಝಲ್ಲೆನ್ನುತ್ತದೆ. ಸಿನಿಮಾ ಈ ಪ್ರಯಾಣವನ್ನು ಬೇಗ ದಾಟಿಬಿಡುತ್ತದೆ.

ಇದೇ ಜಾಕ್ಸನ್ ನಾಲ್ಕು ಮಕ್ಕಳ ತಾಯಿ. ಮಕ್ಕಳು ತುಂಬಿದ ಮನೆಯ ಗಲಾಟೆ ಬಗ್ಗೆ 1953ರಲ್ಲಿ 'ಲೈಫ್ ಅಮಂಗ್ ದಿ ಸ್ಯಾವೇಜಸ್' ಬರೆದರು. ಜೋರಾಗಿ ನಗಿಸುವ ಪುಸ್ತಕ. ದೆವ್ವದ ಮನೆಯಿಂದ ನೇರ ಇಲ್ಲಿಗೆ ಬಂದಿದ್ದಕ್ಕೆ ನನಗೆ ತುಂಬಾ ಖುಷಿ.

ಜಪಾನಿನ 'ಕ್ವೈದಾನ್' (1964) ಹಿಡಿದು ಹೊರಟರೂ ಹೀಗೇ. ಮಸಾಕಿ ಕೊಬಯಾಶಿ ಅವರ ಸಿನಿಮಾ, ನಾಲ್ಕು ಬಿಡಿ ಕಥೆಗಳು. ಕುರುಡ ಹಾಡುಗಾರ ಹೊಯಿಚಿಯದ್ದು ಎಲ್ಲಕ್ಕಿಂತ ಚೆನ್ನಾಗಿದೆ. ಪ್ರೇತಗಳಿಂದ ಉಳಿಸಲು ಅವನ ಮೈ ತುಂಬಾ ಮಂತ್ರ ಬರೆಯುತ್ತಾರೆ, ಕಿವಿ ಮಾತ್ರ ಮರೆತುಬಿಡುತ್ತಾರೆ. ಸುಮಾರು ಮೂರು ಗಂಟೆಯ ಸಿನಿಮಾ, ನಿಧಾನ. ಆದರೂ ಬಣ್ಣ ಬಳಿದ ಆ ಆಕಾಶ ನೋಡಲಿಕ್ಕಾದರೂ ಕೂರಬಹುದು. ಈ ಕಥೆಗಳನ್ನು ಬರೆದ ಲಾಫ್ಕಾಡಿಯೊ ಹರ್ನ್ ಹುಟ್ಟಿದ್ದು ಗ್ರೀಸ್‌ನಲ್ಲಿ, ಜಪಾನಿಗೆ ಹೋಗಿದ್ದು 1890ರಲ್ಲಿ. ಅವರ 'ಕ್ವೈದಾನ್' ಪುಸ್ತಕ (1904) ಬಿಡಿಸಿದರೆ ದೆವ್ವದ ಕಥೆಗಳಾದ ಮೇಲೆ ಚಿಟ್ಟೆ, ಸೊಳ್ಳೆ, ಇರುವೆಗಳ ಬಗ್ಗೆ ಪ್ರಬಂಧಗಳಿವೆ! ಇರುವೆಗಳ ಪ್ರಬಂಧವನ್ನು ನಾನು ಕಥೆಗಳಿಗಿಂತ ಜಾಸ್ತಿ ಆಸೆಯಿಂದ ಓದಿದೆ.

ಮುಂದಿನ ವಾರಕ್ಕೆ 'ದಿ ಇನ್ನೊಸೆಂಟ್ಸ್' (1961) ಎತ್ತಿಟ್ಟಿದ್ದೇನೆ. ಅದರ ಮೂಲ ಹೆನ್ರಿ ಜೇಮ್ಸ್ 1898ರಲ್ಲಿ ಬರೆದ 'ದಿ ಟರ್ನ್ ಆಫ್ ದಿ ಸ್ಕ್ರೂ'. ಮೊದಲು ಪುಸ್ತಕ ಇನ್ನೊಮ್ಮೆ ಓದುತ್ತೇನೆ. ಮಕ್ಕಳನ್ನು ನೋಡಿಕೊಳ್ಳಲು ಬಂದವಳಿಗೆ ಕಂಡದ್ದು ನಿಜವೋ ಭ್ರಮೆಯೋ ಅಂತ ಜೇಮ್ಸ್ ಕೊನೆವರೆಗೂ ಬಿಟ್ಟುಕೊಡುವುದಿಲ್ಲ. ಅವಳಿಗೆ ಕಂಡದ್ದನ್ನು ಕ್ಯಾಮೆರಾ ನಮಗೂ ತೋರಿಸಿದರೆ ಆ ಅನುಮಾನ ಹೇಗೆ ಉಳಿಯುತ್ತದೆ? ಈ ಸಲ ಅದನ್ನೇ ಗಮನವಿಟ್ಟು ನೋಡಬೇಕು.